ಒಂದೇ ತಾರೀಖು, ಬೇರೆ ದಿನ



ಇಂಗ್ಲೆಂಡಿನ ನಾಟಕಕಾರ ಷೇಕ್ಸ್‌ಪಿಯರನೂ ಸ್ಪೇಯಿನ್ ದೇಶದ ಕಾದಂಬರಿಕಾರ ಸರ್ವಾಂಟಿಸನೂ 1616ನೆಯ ಇಸವಿ ಏಪ್ರಿಲ್ 23ರಂದು, ಒಂದೇ ದಿನ ಕಾಲವಾದರೆಂಬ ಮಾತು ಲೋಕದಲ್ಲಿ ಪ್ರಚುರವಾಗಿದೆ. ಕೇಳುವುದಕ್ಕೆ ಸೊಗಸಾದ ಮಾತು. ಆದರೆ ಪಂಚಾಂಗದ ಸಾಕ್ಷಿ ಬೇರೆಯಾಗಿದೆ.

ಹಳೆಯ ಜೂಲಿಯನ್ ಗಣನೆಯ ವರ್ಷವು ಸೂರ್ಯನ ಗತಿಗಿಂತ ಸುಮಾರು 11 ನಿಮಿಷ ದೀರ್ಘವಾಗಿದ್ದಿತು. ಶತಮಾನಗಳು ಉರುಳಿದಂತೆ ತಾರೀಖಿಗೂ ಋತುವಿಗೂ ಹೊಂದಿಕೆ ತಪ್ಪಿತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಇದನ್ನು ತಿದ್ದಿ, ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸುವಂತೆ ವಿಧಿಸಿದನು. ಕ್ಯಾಥೊಲಿಕ್ ಸ್ಪೇಯಿನ್ ಕೂಡಲೆ ಅಂಗೀಕರಿಸಿತು. ಪ್ರಾಟೆಸ್ಟೆಂಟ್ ಇಂಗ್ಲೆಂಡು 1752ರವರೆಗೆ ಹಳೆಯದನ್ನೇ ಹಿಡಿದಿದ್ದಿತು. ಆದುದರಿಂದ ಷೇಕ್ಸ್‌ಪಿಯರನು ತೀರಿಕೊಂಡ ದಿನ ಸ್ಪೇಯಿನ್‌ನವರಿಗೆ ಮೇ 3. ಸರ್ವಾಂಟಿಸನಾದರೋ ಏಪ್ರಿಲ್ 22ರಂದೇ ಗತಿಸಿದನೆಂದೂ, 23 ಸಮಾಧಿಯ ದಿನವೆಂದೂ ವಿದ್ವಾಂಸರ ಮತ.

ಚಾಂದ್ರಮಾನದವರೂ ಸೌರಮಾನದವರೂ ಯುಗಾದಿಯನ್ನು ಬೇರೆ ಬೇರೆ ದಿನ ಆಚರಿಸುವ ನಮಗೆ, ಹಿರಿಯರ ಶ್ರಾದ್ಧವನ್ನು ತಾರೀಖು ಬಿಟ್ಟು ತಿಥಿಗೆ ಮಾಡುವ ನಮಗೆ, ಇದು ಸೋಜಿಗವಲ್ಲ.

ಹಾಗಾದರೆ 1995ರಲ್ಲಿ ಯುನೆಸ್ಕೊ ಸಂಸ್ಥೆಯು ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಸಾರಿದುದು ವ್ಯರ್ಥವೆ? ಎಂದಿಗೂ ಅಲ್ಲ. ಸ್ಮರಣೆಗೆ ಯಾವುದಾದರೊಂದು ದಿನ ಬೇಕು. ಅದನ್ನು ಮನುಷ್ಯನೇ ಗೊತ್ತುಮಾಡಬೇಕು. ಆದರೆ ಕಾಕತಾಳೀಯವನ್ನು ದೈವಸಂಕಲ್ಪವೆಂದು ಬಗೆಯುವ ಮುನ್ನ ಎರಡು ದೇಶಗಳ ಪಂಚಾಂಗವನ್ನೂ ತೆರೆದು ನೋಡುವುದು ಇತಿಹಾಸ ಓದುವವರ ಧರ್ಮ. ಆ ಇಬ್ಬರ ನಿಜವಾದ ನಂಟನ್ನು ಅರಸುವವರು ಲಿಯರ್ ದೊರೆಯನ್ನೂ ಡಾನ್ ಕ್ವಿಕ್ಸೋಟನನ್ನೂ ಓದಲಿ: ಮತಿಗೆಟ್ಟ ಇಬ್ಬರು ವೃದ್ಧರ ಬಾಯಿಂದ ಲೋಕದ ಸತ್ಯ ಹೊರಡುವುದನ್ನು ಅಲ್ಲಿ ಕಾಣುವರು.