ನಿಮ್ಮ ಹೆಸರು ನಿಮ್ಮ ಕೈಯಲ್ಲಿರಲಿ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಹಳ್ಳಿಗೆ ಹೋದರೂ, ಹೊಸ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಯಾರ ಮಗನೋ ತಮ್ಮಾ ನೀ?" ಎಂಬುದು. ಹುಡುಗ ಅಪ್ಪನ ಹೆಸರು ಹೇಳುತ್ತಾನೆ. ಹಿರಿಯರು ಅವನ ಮುಖ ನೋಡುತ್ತಾರೆ, ನಡಿಗೆ ನೋಡುತ್ತಾರೆ, ಅವನ ಅಜ್ಜನನ್ನು ನೆನಪು ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಗುರುತು ಸಿಕ್ಕಿತು. ಅಂಥ ಕಟ್ಟೆಯ ಮುಂದೆ ಬೇರೊಬ್ಬನ ಹೆಸರು ಹೇಳಿಕೊಂಡು ಪಾರಾಗುವುದು ಸುಲಭವಲ್ಲ.

ಮೊಬೈಲಿನ ಲೋಕದಲ್ಲಿ ಈ ಕಟ್ಟೆಯೂ ಇಲ್ಲ, ಆ ಹಿರಿಯರೂ ಇಲ್ಲ. ಬ್ಯಾಂಕಿನ ಗಣಕಯಂತ್ರಕ್ಕೆ ನಿಮ್ಮ ಮನೆತನ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ, ಹತ್ತು ಅಂಕಿಯ ಮೊಬೈಲ್ ಸಂಖ್ಯೆ, ಒಂದು ಗುಪ್ತ ಪಿನ್, ಒಂದು ಬೆರಳಚ್ಚು. ಇವನ್ನು ತಪ್ಪಿಲ್ಲದೆ ಒದಗಿಸಿದವನೇ ಯಂತ್ರದ ಪಾಲಿಗೆ ನೀವು. ಅವನು ಎಲ್ಲಿಯೋ ಕುಳಿತು ನಿಮ್ಮ ಹೆಸರಿನಲ್ಲಿ ಹಣ ತೆಗೆಯಬಹುದು, ಸಾಲ ಮಾಡಬಹುದು, ಸಿಮ್ ಕಾರ್ಡು ಕೊಳ್ಳಬಹುದು, ಇನ್ನೊಬ್ಬರಿಗೆ ಮೋಸ ಮಾಡಬಹುದು. ಇದಕ್ಕೇ ಗುರುತಿನ ಕಳವು ಎಂದು ಹೆಸರು. ನಮ್ಮ ಗುರುತು ಅನ್ಯರ ಕೈಗೆ ಹೋಗುವುದು ಎರಡು ದಾರಿಯಲ್ಲಿ. ಒಂದು, ಅವರು ಕದಿಯುವುದು. ಇನ್ನೊಂದು, ನಾವೇ ಕೊಟ್ಟುಬಿಡುವುದು. ಇವತ್ತಿನ ಮಾತಿನಲ್ಲಿ ಎರಡನ್ನೂ ನೋಡೋಣ. ವಿದ್ಯಾರ್ಥಿಗಳಾದ ನಿಮಗೆ ಎರಡನೆಯದೇ ಹೆಚ್ಚು ಅಪಾಯದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಕದಿಯುವ ಬಗೆ. ಬ್ಯಾಂಕಿನ ಶಾಖೆ ಇಲ್ಲದ ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಯೊಬ್ಬರು ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಿಂದ ಹಣ ಕೊಡುವುದನ್ನು ನೀವು ನೋಡಿದ್ದೀರಿ. ಆಧಾರ್ ಸಂಖ್ಯೆ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಬೆರಳು ಒತ್ತಿದರೆ ಸಾಕು. ಓದು ಬಾರದ ಅಜ್ಜಿಗೂ ಪಿಂಚಣಿ ಸಿಗಲೆಂದು ಮಾಡಿದ ಒಳ್ಳೆಯ ಅನುಕೂಲ ಅದು. ಆದರೆ 2023ರಲ್ಲಿ ಮಂಗಳೂರಿನಲ್ಲಿ ಹಲವರ ಖಾತೆಗಳಿಂದ, ಯಾವ ಓಟಿಪಿಯೂ ಬಾರದೆ, ಯಾರ ದೂರವಾಣಿ ಕರೆಯೂ ಇಲ್ಲದೆ, ಹಣ ಮಾಯವಾಯಿತು. ಆಸ್ತಿ ನೋಂದಣಿಯ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ನಕಲು ಮಾಡಿಕೊಂಡದ್ದು ತನಿಖೆಯಲ್ಲಿ ಕಂಡುಬಂತು. ಗುಪ್ತ ಪಿನ್ನನ್ನು ಬದಲಿಸಬಹುದು. ಬೆರಳನ್ನು ಬದಲಿಸಲು ಬರುವುದಿಲ್ಲ.

ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಹಾಕಬಹುದು. ಬೇಕಾದಾಗ ತೆರೆದು, ಕೆಲಸವಾದ ಮೇಲೆ ಮತ್ತೆ ಹಾಕಬಹುದು. ಅದೇ ಜಾಲತಾಣದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ದೊರೆಯುತ್ತದೆ. ಪೂರ್ತಿ ಸಂಖ್ಯೆ ಬೇಕೇಬೇಕು ಎನ್ನದ ಕಡೆಗಳಲ್ಲಿ ಆ ಪ್ರತಿಯನ್ನೇ ಕೊಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಹೋದಾಗ ಆಧಾರ್ ಮತ್ತು ಪಾಸ್‌ಬುಕ್ಕಿನ ಝೆರಾಕ್ಸನ್ನು ಮೇಜಿನ ಮೇಲೆ ಬಿಟ್ಟು ಬರಬೇಡಿ. ಅಲ್ಲಿನ ಗಣಕಯಂತ್ರದಲ್ಲಿ ನಿಮ್ಮ ದಾಖಲೆಗಳನ್ನು ಇಳಿಸಿಕೊಂಡಿದ್ದರೆ ಎದ್ದು ಬರುವ ಮೊದಲು ಅಳಿಸಿ ಬನ್ನಿ. ಪ್ರತಿ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಮಾಡುವುದೂ ಒಳ್ಳೆಯ ರೂಢಿ.

ಇನ್ನು ಎರಡನೆಯ ದಾರಿ. ಇಲ್ಲಿ ವಂಚಕ ಬೀಗ ಒಡೆಯುವುದಿಲ್ಲ, ನಮ್ಮ ಕೈಯಿಂದಲೇ ಬಾಗಿಲು ತೆರೆಸುತ್ತಾನೆ. ಅವನ ಬಳಿ ಮೂರು ಉಪಾಯಗಳಿವೆ: ಆಸೆ, ಹೆದರಿಕೆ, ಅವಸರ. "ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ಓಟಿಪಿ ಹೇಳಿ" ಎಂಬುದು ಆಸೆ. "ನಿಮ್ಮ ತಾಯಿಯವರ ಗೃಹಲಕ್ಷ್ಮಿ ಹಣ ನಿಂತುಹೋಗುತ್ತದೆ, ಈ ಲಿಂಕ್ ಒತ್ತಿ" ಎಂಬುದು ಹೆದರಿಕೆ. "ವಿದ್ಯುತ್ ಬಿಲ್ಲು ಕಟ್ಟಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ಕರೆಂಟು ಕಡಿತ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿ" ಎಂಬುದು ಅವಸರ.

ಈ ಕೊನೆಯ ಸಂದೇಶವನ್ನೇ ಸ್ವಲ್ಪ ಪರೀಕ್ಷಿಸೋಣ. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ ಹಂಚುವುದು ಹೆಸ್ಕಾಂ. ಆದರೆ ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ ವಿದ್ಯುತ್ ಹಂಚಲು 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಆ ಸಂಘದ ಗ್ರಾಹಕನಿಗೆ ಹೆಸ್ಕಾಂ ಹೆಸರಿನಲ್ಲಿ ಕಡಿತದ ಬೆದರಿಕೆ ಬಂದರೆ, ಕಳಿಸಿದವನಿಗೆ ಊರೇ ಗೊತ್ತಿಲ್ಲ ಎಂದು ಅರ್ಥ. ಅವನು ಸಾವಿರಾರು ಸಂಖ್ಯೆಗಳಿಗೆ ಒಂದೇ ಬಲೆ ಬೀಸಿರುತ್ತಾನೆ. ಮನೆಯಲ್ಲಿರುವ ಬಿಲ್ಲನ್ನು ತೆಗೆದು ನೋಡಿ, ಅದರ ಮೇಲಿರುವ ಸಂಖ್ಯೆಗೆ ನೀವಾಗಿ ಫೋನ್ ಮಾಡಿ. ಸಂದೇಶದಲ್ಲಿ ಬಂದ ಸಂಖ್ಯೆಗೆ ಮಾತ್ರ ಮಾಡಬೇಡಿ. ಬ್ಯಾಂಕು, ಅಂಚೆ, ಕಾಲೇಜು, ಯಾವುದರ ಹೆಸರಿನಲ್ಲಿ ಕರೆ ಬಂದರೂ ಇದೇ ಸೂತ್ರ ಸಲ್ಲುತ್ತದೆ.

ಇನ್ನೆರಡು ಮಾತುಗಳನ್ನು ಮನೆಯವರಿಗೂ ಹೇಳಿಕೊಡಿ. ಯುಪಿಐಯಲ್ಲಿ ಪಿನ್ ಒತ್ತುವುದು ಹಣ ಕೊಡಲಿಕ್ಕೆ ಅಥವಾ ಉಳಿಕೆ ನೋಡಲಿಕ್ಕೆ. ಹಣ ಪಡೆಯಲಿಕ್ಕೆ ಪಿನ್ ಬೇಡ. ಹಾಗೆಯೇ ವಾಟ್ಸ್‌ಆ್ಯಪಿನಲ್ಲಿ ಲಗ್ನಪತ್ರಿಕೆ ಎಂದು ಬಂದ ಕಡತದ ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂಬ ಅಕ್ಷರಗಳಿದ್ದರೆ ಅದು ಪತ್ರಿಕೆಯಲ್ಲ. ಅದೊಂದು ತಂತ್ರಾಂಶ, ಮೊಬೈಲಿನೊಳಗೆ ಕುಳಿತು ನಿಮಗೆ ಬರುವ ಓಟಿಪಿಗಳನ್ನು ಓದಬಲ್ಲದು. ಕಳಿಸಿದವರು ಸ್ವಂತ ಸೋದರಮಾವನೇ ಆಗಿದ್ದರೂ ಒತ್ತಬೇಡಿ. ಅವರ ಮೊಬೈಲೂ ಅದಾಗಲೇ ವಂಚಕರ ವಶವಾಗಿರಬಹುದು.

ಈಗ ನಿಮಗೇ ಸಂಬಂಧಿಸಿದ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಮೂಡಲಗಿ ಕಡೆಯ ಹಳ್ಳಿಯವನು, ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವವನು, ಅಪ್ಪನದು ಎರಡೆಕರೆ ಕಬ್ಬು. ಪರಿಚಯದ ಹುಡುಗನೊಬ್ಬ ಬಂದು ಹೇಳುತ್ತಾನೆ: "ತಮ್ಮಾ, ನಿನ್ನ ಖಾತೆ ಒಂದ ತಿಂಗಳ ಕೊಡು. ರೊಕ್ಕಾ ಬರ್ತೈತಿ, ತಗದ ಕೊಡು. ನಿನಗ ಕಮಿಷನ್ ಕೊಡ್ತೀನಿ." ಎ.ಟಿ.ಎಂ. ಕಾರ್ಡು, ಪಾಸ್‌ಬುಕ್ಕು, ಖಾತೆಗೆ ಜೋಡಿಸಿದ ಸಿಮ್, ಇಷ್ಟು ಕೊಟ್ಟರೆ ಕೈಗೆ ಕೆಲವು ಸಾವಿರ ರೂಪಾಯಿ. ಪರೀಕ್ಷಾ ಶುಲ್ಕಕ್ಕೆ ಆಯಿತು ಎಂದುಕೊಂಡು ಹುಡುಗ ಕೊಡುತ್ತಾನೆ.

ಆ ಖಾತೆಯಲ್ಲಿ ಏನು ನಡೆಯುತ್ತದೆ? ದೂರದ ಯಾವುದೋ ಊರಿನಲ್ಲಿ ನಿವೃತ್ತರೊಬ್ಬರನ್ನು ಹೆದರಿಸಿ ಕಿತ್ತುಕೊಂಡ ಹಣ ಮೊದಲು ಒಂದು ಖಾತೆಗೆ ಬೀಳುತ್ತದೆ. ನಿಮಿಷಗಳೊಳಗೆ ಅದು ಎರಡನೆಯ, ಮೂರನೆಯ, ನಾಲ್ಕನೆಯ ಖಾತೆಗಳಿಗೆ ಚೂರುಚೂರಾಗಿ ಹರಿಯುತ್ತದೆ. ಕೊನೆಗೆ ಯಾರೋ ನಗದು ಮಾಡಿಕೊಳ್ಳುತ್ತಾರೆ. ವಂಚಕ ಒಂದು ಖಾತೆಗೂ ತನ್ನ ಹೆಸರು ಕೊಟ್ಟಿರುವುದಿಲ್ಲ. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಸಿಗುವ ಹೆಸರು, ವಿಳಾಸ, ಭಾವಚಿತ್ರ ಎಲ್ಲವೂ ನಮ್ಮ ಹುಡುಗನವೇ. ಖಾತೆ ಸ್ಥಗಿತವಾಗುತ್ತದೆ, ಅದಕ್ಕೇ ಬರಬೇಕಾದ ವಿದ್ಯಾರ್ಥಿವೇತನವೂ ಸಿಕ್ಕಿಕೊಳ್ಳುತ್ತದೆ. ಹೊರರಾಜ್ಯದ ಠಾಣೆಯಿಂದ ನೋಟೀಸು ಬರುತ್ತದೆ. ಸರ್ಕಾರಿ ನೌಕರಿಗೆ ಆಯ್ಕೆಯಾದರೂ ಪೊಲೀಸ್ ಪರಿಶೀಲನೆಯ ಹೊತ್ತಿಗೆ ಆ ಪ್ರಕರಣ ಎದುರು ನಿಲ್ಲುತ್ತದೆ. ಸಿಕ್ಕ ಕಮಿಷನ್ ಎಷ್ಟು, ಕಳೆದುಕೊಂಡದ್ದೆಷ್ಟು, ನೀವೇ ಲೆಕ್ಕ ಹಾಕಿ.

ನೌಕರಿಯ ಆಸೆ ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ನಮ್ಮ ಕಡೆಯದೇ ಒಂದು ಪ್ರಕರಣವಿದೆ. 2022ರ ಆಗಸ್ಟ್ 7ರಂದು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಕಿರಿಯ ಸಹಾಯಕ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಗೋಕಾಕದ ಪರೀಕ್ಷಾ ಕೇಂದ್ರವೊಂದರಲ್ಲಿ ಸ್ಮಾರ್ಟ್ ವಾಚಿನಿಂದ ಪ್ರಶ್ನೆಪತ್ರಿಕೆಯ ಚಿತ್ರ ತೆಗೆದು ಹೊರಗೆ ಕಳಿಸಿದರು, ಬ್ಲೂಟೂತ್ ಸಾಧನಗಳ ಮೂಲಕ ಅಭ್ಯರ್ಥಿಗಳಿಗೆ ಉತ್ತರ ಹೇಳಿಸಿದರು ಎಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಬೆಳಗಾವಿ ಜಿಲ್ಲಾ ಪೊಲೀಸರು ಹಲವು ವಾರ ತನಿಖೆ ನಡೆಸಿ ಒಬ್ಬರಾದ ಮೇಲೊಬ್ಬರನ್ನು ಬಂಧಿಸಿದರು. ಅವರಲ್ಲಿ ಇದೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯುವಕರೂ ಇದ್ದರು. ಆ ಯುವಕರು ನೌಕರಿಗೆಂದು ಹೊರಟವರು. ಅವರ ಹೆಸರು ಸೇರಿದ್ದು ಆರೋಪಿಗಳ ಪಟ್ಟಿಗೆ. ಗಣಕ ಅಪರಾಧ ಮಾಡುವವರೆಲ್ಲ ಎಲ್ಲೋ ದೂರದವರು ಎಂಬ ಭಾವನೆಯನ್ನು ಬಿಡಬೇಕೆಂದು ಇದನ್ನು ನೆನಪಿಸಿದೆ.

ಕಾನೂನು ಏನು ಹೇಳುತ್ತದೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ 66ಸಿ ಮತ್ತು 66ಡಿ ಕಲಮುಗಳು ಸೇರಿದವು. ಇನ್ನೊಬ್ಬರ ಪಾಸ್‌ವರ್ಡು, ವಿದ್ಯುನ್ಮಾನ ಸಹಿ ಮುಂತಾದ ಗುರುತನ್ನು ಮೋಸದಿಂದ ಬಳಸಿದರೆ, ಅಥವಾ ಗಣಕ ಸಾಧನದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸಿದರೆ, ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮೋಸದಿಂದ ಅಥವಾ ಇನ್ನೊಬ್ಬರ ಹೆಸರಿನಲ್ಲಿ ಸಿಮ್ ಪಡೆಯುವುದೂ ಅಪರಾಧ. ಗೆಳತಿಯ ಹೆಸರಿನಲ್ಲಿ ತಮಾಷೆಗೆಂದು ಇನ್‌ಸ್ಟಾಗ್ರಾಮ್ ಖಾತೆ ತೆರೆದು, ಅವಳ ಭಾವಚಿತ್ರ ಹಾಕಿ, ಅವಳಂತೆ ಮಾತನಾಡುವುದೂ ನಿಮ್ಮನ್ನು ಠಾಣೆಯ ಮೆಟ್ಟಿಲು ಹತ್ತಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳು ಚಾಲ್ತಿಯಲ್ಲಿವೆ ಎಂದು ತಿಳಿಯಲು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣವಿದೆ. ನಿಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ದೂರು ಸಲ್ಲಿಸಬಹುದು.

ಎಷ್ಟೇ ಎಚ್ಚರದಿಂದಿದ್ದರೂ ಒಮ್ಮೆ ಮೋಸ ಹೋಗಬಹುದು. ಆಗ ಏನು ಮಾಡಬೇಕು? ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ಸಂಖ್ಯೆ. ನಿಮ್ಮ ಹಣ ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಅಲ್ಲಿಂದ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಕ್ಕೆ ಹರಿದಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ. ಕಾಲುವೆಯ ನೀರನ್ನು ಒಡ್ಡು ಹಾಕಿ ನಿಲ್ಲಿಸಿದ ಹಾಗೆ ಇದು. ನೀರು ಗದ್ದೆ ದಾಟಿದ ಮೇಲೆ ಒಡ್ಡು ಹಾಕಿ ಉಪಯೋಗವಿಲ್ಲ. ಆದ್ದರಿಂದ ಮೊದಲ ಒಂದೆರಡು ತಾಸುಗಳು ಬಹಳ ಬೆಲೆಯುಳ್ಳವು. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಬಂದ ಸಂದೇಶಗಳನ್ನು ಅಳಿಸಬೇಡಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಾಗಲಿ, ಹತ್ತಿರದ ಠಾಣೆಯಲ್ಲಾಗಲಿ, ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಾಗಲಿ ದೂರು ಕೊಡಿ.

ದೂರು ಕೊಡಲು ತಡವಾಗುವುದಕ್ಕೆ ದೊಡ್ಡ ಕಾರಣ ನಾಚಿಕೆ. "ಅಪ್ಪ ಬಯ್ಯುತ್ತಾರೆ", "ಓಣಿಯವರು ನಗುತ್ತಾರೆ" ಎಂದು ಮುಚ್ಚಿಡುತ್ತೇವೆ. ವಂಚಕನಿಗೆ ಬೇಕಾದದ್ದೂ ಅದೇ ಮೌನ. ಪೊಲೀಸರ ವೇಷ ಹಾಕಿ ವಿಡಿಯೋ ಕರೆ ಮಾಡಿ, "ನೀವು ಡಿಜಿಟಲ್ ಬಂಧನದಲ್ಲಿದ್ದೀರಿ, ಯಾರಿಗೂ ಹೇಳಕೂಡದು" ಎಂದು ಬೆದರಿಸುವವರು ಇದ್ದಾರೆ. ಡಿಜಿಟಲ್ ಬಂಧನ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2025ರ ಮಾರ್ಚ್ ತಿಂಗಳಲ್ಲಿ ವೃದ್ಧ ದಂಪತಿ ಇಂಥ ಬೆದರಿಕೆಗೆ ಸಿಕ್ಕಿ, ಹಣ ಕಳೆದುಕೊಂಡು, ಕೊನೆಗೆ ಜೀವವನ್ನೇ ಕಳೆದುಕೊಂಡರು. ಅವರು ಒಂಟಿಯಾಗಿ ಹೊತ್ತ ಆ ಭಯವನ್ನು ಹಂಚಿಕೊಳ್ಳಲು ತಿಳಿದವರೊಬ್ಬರು ಪಕ್ಕದಲ್ಲಿದ್ದಿದ್ದರೆ ಎಂದು ಮನಸ್ಸು ಮರುಗುತ್ತದೆ. ಆ ಒಬ್ಬರು ನೀವಾಗಬಹುದು. ನಿಮ್ಮ ಅಜ್ಜ, ಅಜ್ಜಿ, ಪಕ್ಕದ ಮನೆಯ ಕಾಕಾ ಇವರಿಗೆಲ್ಲ ಮೊಬೈಲು ಕಲಿಸಿದವರು ನೀವೇ ಅಲ್ಲವೆ? ಮೋಸ ಹೋದವರನ್ನು ನಗಬೇಡಿ, ಬಯ್ಯಬೇಡಿ. ಕೂಡಿಸಿ, ನೀರು ಕೊಟ್ಟು, 1930ಕ್ಕೆ ನೀವೇ ಫೋನ್ ಹಚ್ಚಿ ಕೊಡಿ. ನಿಮಗೇ ಅಂಥ ಸಂಕಟ ಬಂದು ಮನಸ್ಸು ಕುಗ್ಗಿದರೆ ಮನೆಯ ಹಿರಿಯರಿಗೆ, ನೆಚ್ಚಿನ ಗುರುಗಳಿಗೆ ಹೇಳಿ. ಟೆಲಿಮನಸ್ ಸಹಾಯವಾಣಿ 14416ರಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು. ಹೋದ ಹಣ ಎಷ್ಟೇ ಇರಲಿ, ಅದು ಜೀವಕ್ಕಿಂತ ದೊಡ್ಡದಲ್ಲ.

ಮಿತ್ರರೆ, ಹೊಲಕ್ಕೆ ಬೇಲಿ ಇದೆ, ಮನೆಗೆ ಬೀಗ ಇದೆ. ತಂದೆತಾಯಿಗಳು ನಿಮಗೆ ಕೊಟ್ಟ ಹೆಸರಿಗೆ ನೀವೇ ಕಾವಲು. ಗೆಳೆಯನಿಗೆ ಪುಸ್ತಕ ಕೊಡಿ, ಸೈಕಲ್ಲು ಕೊಡಿ, ಬುತ್ತಿಯ ರೊಟ್ಟಿ ಹಂಚಿ ತಿನ್ನಿ. ಖಾತೆ, ಸಿಮ್ಮು, ಓಟಿಪಿ ಮಾತ್ರ ಯಾರಿಗೂ ಕೊಡಬೇಡಿ. ನಾಳೆ ಯಾವ ಊರಿನ ಕಟ್ಟೆಯ ಮುಂದೆ ನಿಂತು ನಿಮ್ಮ ಹೆಸರು ಹೇಳಿದರೂ, ತಲೆ ಎತ್ತಿ ಹೇಳುವಂತಿರಲಿ.