ಮನಸ್ಸಿನ ಕಾಯಿಲೆಯೊಡನೆ ಬಾಳುವೆ



ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು "ನನಗೆ ಸಕ್ಕರೆ ಕಾಯಿಲೆ, ಹೋಳಿಗೆ ಬೇಡ" ಎಂದರೆ ಬಡಿಸುವವರು ನಕ್ಕು ಮುಂದೆ ಹೋಗುತ್ತಾರೆ. ಅದೇ ಪಂಕ್ತಿಯಲ್ಲಿ "ನಾನು ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ" ಎಂದು ಹೇಳಿ ನೋಡಿ. ಸುತ್ತಲಿನ ಮಾತು ನಿಂತುಬಿಡುತ್ತದೆ. ಎರಡೂ ದೇಹದಲ್ಲೇ ಹುಟ್ಟುವ ಕಾಯಿಲೆಗಳು. ಎರಡಕ್ಕೂ ದೀರ್ಘಕಾಲದ ಔಷಧಿ ಬೇಕು. ಹಾಗಿದ್ದರೂ ಒಂದನ್ನು ಹೇಳಬಹುದು, ಇನ್ನೊಂದನ್ನು ಹೇಳಬಾರದು. ಏಕೆ?

ಈ ಪ್ರಶ್ನೆಯನ್ನು ನಾನು ದೂರ ನಿಂತು ಕೇಳುತ್ತಿಲ್ಲ. ಕಳೆದ ಹದಿನೇಳು ವರ್ಷಗಳಿಂದ ನಾನು ಬೈಪೋಲಾರ್ ಕಾಯಿಲೆಯೊಡನೆ ಬಾಳುತ್ತಿದ್ದೇನೆ. ಹಿಂದೆ ಇದನ್ನು ಉನ್ಮಾದ-ಖಿನ್ನತೆ ಎನ್ನುತ್ತಿದ್ದರು. ಒಂದು ಕಾಲದಲ್ಲಿ ನಿದ್ರೆ ಬೇಕೆನಿಸುವುದಿಲ್ಲ, ಮಾತು ಓಡುತ್ತದೆ, ಕೈಯಲ್ಲಿಲ್ಲದ ಹಣವೂ ಖರ್ಚಾಗುತ್ತದೆ. ಇನ್ನೊಂದು ಕಾಲದಲ್ಲಿ ಮುಖ ತೊಳೆಯುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ಈ ಎರಡರ ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರಂತೆಯೇ ಇರುತ್ತೇನೆ. ಕಾರ್ಯಕ್ರಮ ಮಾಡುತ್ತೇನೆ, ಸಂಕಲನದ ಕೋಣೆಯಲ್ಲಿ ಸಹೋದ್ಯೋಗಿಗಳೊಡನೆ ಜಗಳವಾಡುತ್ತೇನೆ, ಚಹಾ ಕುಡಿಯುತ್ತೇನೆ. ಈ ನಡುವಿನ ಕಾಲವನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ನನ್ನ ದೂರು.

ನನ್ನ ಊರು ಬಸವಕಲ್ಯಾಣ. ಅಕ್ಕನನ್ನು ಕೊಟ್ಟಿರುವುದು ಹುಮನಾಬಾದಿಗೆ. ನಮ್ಮ ಕಡೆ ದೇವರಿಗೂ ಶರಣರಿಗೂ ಸೂಫಿಗಳಿಗೂ ಕೊರತೆಯಿಲ್ಲ. ಕಾಯಿಲೆ ಮೊದಲು ಕಾಣಿಸಿದಾಗ ನನ್ನ ಅವ್ವ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ ಸಮಾಧಿಗೆ ಹರಕೆ ಹೊತ್ತಳು. ನೆರೆಮನೆಯ ಖಾಲಾ ದರ್ಗಾದಿಂದ ತಾಯಿತ ತಂದುಕೊಟ್ಟರು. ಅಕ್ಕ ಮಾತ್ರ "ದೇವರೂ ಇರಲಿ, ಡಾಕ್ಟರೂ ಇರಲಿ" ಎಂದು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಅವ್ವನ ಹರಕೆಯನ್ನು ನಾನು ಎಂದೂ ಹೀಯಾಳಿಸಿಲ್ಲ. ಆ ಕತ್ತಲೆಯಲ್ಲಿ ಇವ ನಮ್ಮವ ಎಂದು ಹೇಳಿದ್ದು ಆ ಹರಕೆಯೇ. ಆದರೆ ನಂಬಿಕೆಯ ಹೆಸರಿನಲ್ಲಿ ಔಷಧಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು.

ನನ್ನ ಔಷಧಿಯ ಹೆಸರು ಲಿಥಿಯಂ. ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಆವರ್ತ ಕೋಷ್ಟಕದಲ್ಲಿ ಮೂರನೆಯ ಧಾತುವೆಂದು ಬಾಯಿಪಾಠ ಮಾಡಿದ್ದೆ. ಅತ್ಯಂತ ಹಗುರವಾದ ಲೋಹ. ಅದರ ಲವಣವು ಉನ್ಮಾದವನ್ನು ಶಮನಗೊಳಿಸುತ್ತದೆಂದು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದರು. ಇಂದಿಗೂ ಈ ಕಾಯಿಲೆಗೆ ಅದು ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಡಿಮೆ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ಆದ್ದರಿಂದ ಮಾತ್ರೆ ತೆಗೆದುಕೊಂಡ ಹನ್ನೆರಡು ಗಂಟೆಗಳ ನಂತರ ರಕ್ತಪರೀಕ್ಷೆ. ಆಗಾಗ ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆ.

ಬೀದರ್ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತು. ಬೆವರಿ ನೀರು, ಉಪ್ಪು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವಾಂತಿ-ಭೇದಿಯಾದಾಗಲೂ, ನೀರಿಲ್ಲದ ಉಪವಾಸದಲ್ಲೂ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದಾಗಲೂ ಹೀಗಾಗಬಹುದು. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹೊರಾಂಗಣ ಚಿತ್ರೀಕರಣಕ್ಕೆ ಹೊರಟಾಗ ನನ್ನ ಚೀಲದಲ್ಲಿ ಮೊದಲು ಇರುವುದು ನೀರಿನ ಬಾಟಲಿ. ಕ್ಯಾಮೆರಾದವರಿಗೆ ಅದರ ಕಾರಣ ಗೊತ್ತು. ನಾನೇ ಹೇಳಿದ್ದೇನೆ. ರಾತ್ರಿ ಪಾಳಿಯನ್ನು ನನಗೆ ಹಾಕುವುದಿಲ್ಲ, ಏಕೆಂದರೆ ನಿದ್ರೆ ಕೆಟ್ಟರೆ ಕಾಯಿಲೆ ಮರುಕಳಿಸುತ್ತದೆ. ಇದು ಕನಿಕರವಲ್ಲ, ಬೆನ್ನುನೋವಿನವನಿಗೆ ಭಾರದ ಟ್ರೈಪಾಡ್ ಹೊರಿಸದಿರುವಷ್ಟೇ ಸಹಜವಾದ ಏರ್ಪಾಡು. ಕಾಯಕದ ಹಿರಿಮೆಯನ್ನು ಜಗತ್ತಿಗೆ ಸಾರಿದ ಊರಿನವನು ನಾನು. ಕೆಲಸ ಕಿತ್ತುಕೊಂಡರೆ ಕಾಯಿಲೆಯ ಅರ್ಧ ಭಾರ ಅಲ್ಲೇ ಹೆಚ್ಚುತ್ತದೆ ಎಂಬುದು ನನ್ನ ಅನುಭವ.

ನಾನು ಒಂಟಿಯಲ್ಲ. 2015-16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಚಿಕಿತ್ಸೆ ಸಾಧ್ಯವೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ. ತನಗೆ ಹೇಗೆ ಚಿಕಿತ್ಸೆ ನೀಡಬೇಕೆಂದು ಮುಂಚಿತವಾಗಿ ಬರೆದಿಡುವ ಅವಕಾಶವನ್ನೂ ಕೊಟ್ಟಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಇಷ್ಟಾದರೂ ಕಾನೂನು ಮನೆಯ ಹೊಸ್ತಿಲಿನವರೆಗೆ ಮಾತ್ರ ಬರಬಲ್ಲದು. ಈ ಭಾಷಣವನ್ನು ಬರೆಯಬೇಕೆಂದಾಗ ಅಕ್ಕ ಸುಮ್ಮನಾದಳು. ಅವಳ ಮಗಳಿಗೆ ಗಂಡು ನೋಡುತ್ತಿದ್ದಾರೆ. "ಸ್ವಾದರಮಾವಗ ಹಿಂಗದ ಅಂತ ಗೊತ್ತಾದರ ಯಾರು ಬರ್ತಾರೋ?" ಎಂದಳು. ಅವಳ ಭಯ ಸುಳ್ಳಲ್ಲ. ರಕ್ತಸಂಬಂಧಿಗಳಲ್ಲಿ ಈ ಕಾಯಿಲೆಯ ಸಾಧ್ಯತೆ ತುಸು ಹೆಚ್ಚು. ಆದರೆ ಬಹುಪಾಲು ಸಂಬಂಧಿಕರಿಗೆ ಅದು ಬರುವುದೇ ಇಲ್ಲ. ಇದನ್ನು ನಾನು ವಿವರಿಸುವಷ್ಟರಲ್ಲಿ ಒಳಗಿನಿಂದ ಹುಡುಗಿಯೇ ಬಂದು ಹೇಳಿದಳು: "ಬರಿ ಮಾಮಾ. ಮುಚ್ಚಿಟ್ಟು ಮಾಡೋ ಮದುವಿ ನನಗ ಬ್ಯಾಡ."

ಹೆಸರು ಹಾಕಿ ಬರೆಯುವ ಧೈರ್ಯ ನನಗೆ ಬಂದದ್ದು ಅವಳಿಂದ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಕಚೇರಿಯಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಉಪದೇಶ ಬೇಕಿಲ್ಲ. "ಮಾತ್ರೆ ಆಯಿತಾ? ನಿದ್ರೆ ಬಂತಾ?" ಎಂದು ಸಕ್ಕರೆ ಕಾಯಿಲೆಯವರನ್ನು ವಿಚಾರಿಸುವಷ್ಟೇ ಸಹಜವಾಗಿ ವಿಚಾರಿಸಿ. ಅಷ್ಟು ಸಾಕು.