ತಿಂಗಳ ಲೆಕ್ಕ ತಪ್ಪಿದಾಗ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕೆಂದು ಆಡಳಿತ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ನಾವು ಆಲೆಟ್ಟಿಯಲ್ಲಿ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು. ನಮ್ಮಲ್ಲಿ ಕೆಲವರು ಇದೇ ಸಂಘಕ್ಕೆ ಹಾಲು ಹಾಕುವವರೂ ಹೌದು. ಬಿ.ಪಿ., ಶುಗರ್, ಡೆಂಗ್ಯೂ ಜ್ವರದ ಬಗ್ಗೆ ಬೇಕಾದಷ್ಟು ಸಭೆಗಳಲ್ಲಿ ಹೇಳಿ ಆಗಿದೆ. ಇವತ್ತು ಯಾರೂ ಸಭೆಯಲ್ಲಿ ಎತ್ತದ ಒಂದು ವಿಷಯ ಮಾತಾಡುವ ಎಂದು ನಾವು ತೀರ್ಮಾನಿಸಿದೆವು. ಮೂವತ್ತು, ಮೂವತ್ತೈದು ವರ್ಷದ ಹೆಂಗಸರಿಗೆ ತಿಂಗಳ ಮುಟ್ಟು ತಪ್ಪುವುದು, ಕೆಲವರಿಗೆ ಪ್ರಾಯಕ್ಕೆ ಮೊದಲೇ ನಿಂತು ಹೋಗುವುದು, ಇದೇ ಆ ವಿಷಯ. ಗಂಡಸರು ಎದ್ದು ಹೋಗಬೇಕಾಗಿಲ್ಲ. ನಿಮಗೂ ಇದರಲ್ಲಿ ಕೇಳ್ಲಿಕ್ಕೆ ಉಂಟು.

ಒಂದು ಹೋಲಿಕೆಯಿಂದ ಶುರು ಮಾಡುತ್ತೇವೆ. ಯಾರೂ ಬೇಸರ ಮಾಡಿಕೊಳ್ಳಬಾರದು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ ಎಂದು ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಕರು ಹಾಕಿ ಮೂರು ತಿಂಗಳಾದರೂ ಬೆದೆಯ ಸುಳಿವಿಲ್ಲದಿದ್ದರೆ ಮನೆಯ ಯಜಮಾನರು ಪಶುವೈದ್ಯರಿಗೆ ಫೋನು ಮಾಡುತ್ತಾರೆ. ಖನಿಜ ಮಿಶ್ರಣ ಬರುತ್ತದೆ, ಇಂಜೆಕ್ಷನ್ ಆಗುತ್ತದೆ, ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿರುತ್ತದೆ. ಅದೇ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಉಂಟು, ಅಡಿಕೆಗೆ ಮದ್ದು ಬಿಟ್ಟ ದಿನ ಉಂಟು. ಮನೆಯೊಡತಿಯ ಮುಟ್ಟಿನ ತಾರೀಕು ಮಾತ್ರ ಇಲ್ಲ. ಅವಳಿಗೆ ನಾಲ್ಕು ತಿಂಗಳಿಂದ ಆಗಿಲ್ಲ ಎಂಬುದು ಅವಳಿಗೇ ಸರಿಯಾಗಿ ನೆನಪಿರುವುದಿಲ್ಲ. ನಾವು ಕೇಳಿದರೆ, "ಎಂತದೋ ಅಕ್ಕ, ನವರಾತ್ರಿ ಹೊತ್ತಿಗೆ ಆದ ಹಾಗೆ ನೆನಪು" ಎನ್ನುತ್ತಾರೆ. ಇನ್ನು ಕೆಲವರು, "ನಿಂತದ್ದೇ ಒಳ್ಳೇದಾಯ್ತು, ಒಂದು ಕಾಟ ತಪ್ಪಿತು" ಎನ್ನುತ್ತಾರೆ. ಹೊರಗೆ ಕೂರುವ ರಗಳೆ, ಬಟ್ಟೆ ಒಗೆಯುವ ರಗಳೆ, ಸೊಂಟ ನೋವು, ಇವೆಲ್ಲ ಅನುಭವಿಸಿದವರಿಗೆ ಹಾಗೆ ಅನಿಸುವುದು ತಪ್ಪಲ್ಲ. ಆದರೆ ಮೂವತ್ತೈದರಲ್ಲಿ ಮುಟ್ಟು ನಿಲ್ಲುವುದು ಲಾಭದ ಬಾಬ್ತು ಅಲ್ಲ. ಯಾಕೆ ಎಂದು ಹೇಳುತ್ತೇವೆ.

ಮೊದಲು ಸರಿಯಾದ ಲೆಕ್ಕ ಯಾವುದು ಎಂದು ತಿಳಿಯುವ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನಗಳ ಅಂತರ ಇದ್ದರೆ ಅದು ಸಹಜ. ಜ್ವರ ಬಂದಾಗ, ಮನೆಯಲ್ಲಿ ಸಾವು ನೋವು ಆದಾಗ, ಮಿತಿಮೀರಿ ದುಡಿದಾಗ ಒಂದು ತಿಂಗಳು ಹಿಂದೆ ಮುಂದೆ ಆಗುವುದುಂಟು. ಅದಕ್ಕೆ ಹೆದರಬೇಕಾಗಿಲ್ಲ. ಒಂದು ವರ್ಷ ಪೂರ್ತಿ ಮುಟ್ಟು ಆಗದಿದ್ದರೆ ಅದಕ್ಕೆ ಮುಟ್ಟು ನಿಂತಿತು ಎನ್ನುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಅದು ಸರಾಸರಿ 46 ವರ್ಷದ ಸುಮಾರಿಗೆ. ಯುರೋಪು, ಅಮೆರಿಕದವರಿಗೆ 51ರ ಸುಮಾರಿಗೆ. ಅಂದರೆ ನಮಗೆ ಅವರಿಗಿಂತ ನಾಲ್ಕೈದು ವರ್ಷ ಮೊದಲೇ.

ನಿಲ್ಲುವುದು ಒಂದೇ ದಿನ ಸ್ವಿಚ್ ಆಫ್ ಮಾಡಿದ ಹಾಗಲ್ಲ. ಅದಕ್ಕೆ ಕೆಲವು ವರ್ಷ ಮೊದಲೇ ಸೂಚನೆ ಶುರುವಾಗುತ್ತದೆ. ಒಮ್ಮೆ 22 ದಿನಕ್ಕೆ, ಇನ್ನೊಮ್ಮೆ 40 ದಿನಕ್ಕೆ, ಮತ್ತೊಮ್ಮೆ ಎರಡು ತಿಂಗಳಿಗೆ. ಇದ್ದಕ್ಕಿದ್ದ ಹಾಗೆ ಮುಖ, ಕುತ್ತಿಗೆ ಬಿಸಿಯಾಗಿ ಬೆವರುವುದು, ರಾತ್ರಿ ನಿದ್ರೆ ಬಾರದಿರುವುದು, ಕಾರಣ ಇಲ್ಲದೆ ಸಿಟ್ಟು, ಅಳು, ಗಂಟು ನೋವು, ದಾಂಪತ್ಯದಲ್ಲಿ ನೋವು. ಇದು ನಲವತ್ತರ ನಂತರ ಹೆಚ್ಚಿನವರಿಗೆ ಬರುವಂಥದ್ದು. ಕೆಲವರಿಗೆ ಮೂವತ್ತೇಳು ಮೂವತ್ತೆಂಟಕ್ಕೇ ಬರುತ್ತದೆ. ಇಂಥ ಹೆಂಗಸಿಗೆ ಮನೆಯಲ್ಲಿ "ಇವಳಿಗೆ ಈಗೀಗ ತಲೆ ಕೆಟ್ಟಿದೆ" ಎಂದು ಹೇಳುವವರಿದ್ದಾರೆ. ತಲೆ ಕೆಟ್ಟದ್ದಲ್ಲ, ಹಾರ್ಮೋನು ಏರಿಳಿಯುವುದು.

ಆದರೆ ಮೂವತ್ತರ ಪ್ರಾಯದಲ್ಲಿ ಮುಟ್ಟು ತಪ್ಪಿದ ಕೂಡಲೇ "ನಿಲ್ಲುವ ಕಾಲ ಬಂತು" ಎಂದು ನಿರ್ಧರಿಸಿ ಬಿಡಬಾರದು. ಮೊದಲು ನೋಡಬೇಕಾದದ್ದು ಗರ್ಭ ನಿಂತಿದೆಯೇ ಎಂದು. "ನಮಗೆ ಆಪರೇಶನ್ ಆಗಿದೆಯಲ್ಲ" ಎಂದು ನಗುತ್ತೀರಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಆದರೂ ಅಪರೂಪಕ್ಕೆ, ಸುಮಾರು ಇನ್ನೂರರಲ್ಲಿ ಒಬ್ಬರಿಗೆ, ಮತ್ತೆ ಗರ್ಭ ನಿಲ್ಲುವುದುಂಟು. ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತರೆ ಜೀವಕ್ಕೇ ಅಪಾಯ. ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ತಲೆ ತಿರುಗುವುದು ಕಂಡರೆ ಕಷಾಯ ಕುಡಿದು ಮಲಗಬಾರದು, ಕೂಡಲೇ ಜೀಪೋ ಆಟೋವೋ ಹಿಡಿದು ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಮುಟ್ಟು ನಿಲ್ಲುವುದಿಲ್ಲ. ಅಂಡಾಶಯಕ್ಕೆ ಅದರಲ್ಲಿ ಕೈ ಹಾಕುವುದೇ ಇಲ್ಲ. ಹಾಗಾಗಿ ನಿಂತರೆ ಬೇರೆ ಕಾರಣ ಹುಡುಕಬೇಕು.

ಬೇರೆ ಕಾರಣಗಳು ಹಲವು. ಥೈರಾಯ್ಡ್ ಏರುಪೇರು ನಮ್ಮ ಕಡೆ ಬಹಳ ಕಾಣುವಂಥದ್ದು, ದಿನಕ್ಕೊಂದು ಮಾತ್ರೆಯಲ್ಲಿ ಸರಿಯಾಗುತ್ತದೆ. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಯಾಗುವ ಪಿ.ಸಿ.ಓ.ಡಿ. ಎಂಬುದುಂಟು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದರೂ ಮುಟ್ಟು ನಿಲ್ಲುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ ಹಾಗೆ ಆಗುವುದುಂಟು, ಹಾಗೆಂದು ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಇಂಜೆಕ್ಷನ್‌ನಿಂದಲೂ ಮುಟ್ಟು ನಿಲ್ಲುತ್ತದೆ, ಬಿಟ್ಟ ಮೇಲೆ ಬರುತ್ತದೆ. ಗರ್ಭಕೋಶದ ಕ್ಷಯ ಇರಬಹುದು. ತೀರಾ ತೂಕ ಇಳಿದವರಿಗೂ ತಪ್ಪುತ್ತದೆ.

ಇಲ್ಲಿ ನಮ್ಮ ಕಡೆಯದೇ ಒಂದು ಅಭ್ಯಾಸ ಹೇಳಬೇಕು. ಜಾತ್ರೆ, ಕೋಲ, ಗೃಹಪ್ರವೇಶ ಎಂದು ಮುಟ್ಟು ಮುಂದೆ ಹಾಕುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ನುಂಗುವುದು. ಇದರಿಂದ ಮುಟ್ಟು ಶಾಶ್ವತವಾಗಿ ನಿಲ್ಲುವುದಿಲ್ಲ. ಆದರೆ ಪ್ರತಿ ಕಾರ್ಯಕ್ರಮಕ್ಕೂ ನುಂಗುತ್ತಾ ಹೋದರೆ ಯಾವ ತಿಂಗಳು ತಾನಾಗಿ ತಪ್ಪಿತು, ಯಾವುದು ಮಾತ್ರೆಯಿಂದ ತಪ್ಪಿತು ಎಂದು ಡಾಕ್ಟ್ರಿಗೂ ತಿಳಿಯುವುದಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದವರಿಗೆ ಅಪಾಯವೂ ಉಂಟು. ಕೇಳದೆ ನುಂಗಬೇಡಿ.

ಇವೆಲ್ಲ ಅಲ್ಲ ಎಂದಾದ ಮೇಲೆ ಉಳಿಯುವುದು ಅಂಡಾಶಯವೇ ಬೇಗ ಸೋಲುವುದು. ನಲವತ್ತರ ಒಳಗೆ ಹೀಗಾಗುವುದು ನೂರರಲ್ಲಿ ಒಬ್ಬರಿಗೆ ಎಂದು ಹಿಂದೆ ಹೇಳುತ್ತಿದ್ದರು, ಈಚಿನ ಲೆಕ್ಕದಲ್ಲಿ ನೂರರಲ್ಲಿ ಮೂರು ಜನರಿಗೂ ಮಿಕ್ಕಿ. ತಾಯಿಗೆ, ಅಕ್ಕನಿಗೆ ಬೇಗ ನಿಂತಿದ್ದರೆ ನಮಗೂ ಸಾಧ್ಯತೆ ಹೆಚ್ಚು. ಅಂಡಾಶಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಔಷಧ, ಹುಟ್ಟಿನಿಂದ ಬಂದ ಕ್ರೋಮೋಸೋಮ್ ದೋಷ, ಇವೂ ಕಾರಣ. ಎಷ್ಟೋ ಸಲ ಕಾರಣ ಗೊತ್ತೇ ಆಗುವುದಿಲ್ಲ. ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ. ನಾಲ್ಕು ತಿಂಗಳು ಮುಟ್ಟು ಇಲ್ಲದಿದ್ದರೆ ಎಫ್.ಎಸ್.ಎಚ್. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅಂಡಾಶಯಕ್ಕೆ "ಕೆಲಸ ಮಾಡು" ಎಂದು ಮಿದುಳಿನ ಕಡೆಯಿಂದ ಹೋಗುವ ಆಜ್ಞೆ ಅದು. ಅಂಡಾಶಯ ಕೇಳದಿದ್ದಷ್ಟು ಆಜ್ಞೆ ಜೋರಾಗುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ.

ಲಾಭದ ಬಾಬ್ತು ಅಲ್ಲ ಎಂದು ಹೇಳಿದೆವಲ್ಲ, ಅದು ಇಲ್ಲಿಗೆ ಬರುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಬರೇ ಮಕ್ಕಳಾಗಲಿಕ್ಕೆ ಇರುವುದಲ್ಲ. ಅದು ಎಲುಬನ್ನು ಕಾಯುತ್ತದೆ, ಹೃದಯದ ರಕ್ತನಾಳಗಳನ್ನು ಕಾಯುತ್ತದೆ. ಮೂವತ್ತೈದಕ್ಕೆ ಅದು ನಿಂತರೆ ನಲವತ್ತಾರರವರೆಗಿನ ಹತ್ತು ಹನ್ನೊಂದು ವರ್ಷದ ಕಾವಲು ಕಡಿಮೆಯಾದ ಹಾಗೆ. ಕೊಟ್ಟಿಗೆಯಲ್ಲಿ ಸ್ವಲ್ಪ ಜಾರಿ ಬಿದ್ದದ್ದಕ್ಕೆ ಸೊಂಟದ ಎಲುಬು ಮುರಿಯುವುದು, ಪ್ರಾಯಕ್ಕೆ ಮೊದಲೇ ಹೃದಯದ ತೊಂದರೆ ಬರುವುದು ಇದರಿಂದ. ಅದಕ್ಕೆ ಚಿಕಿತ್ಸೆ ಇದೆ. ದೇಹದಲ್ಲಿ ಕಡಿಮೆಯಾದ ಹಾರ್ಮೋನನ್ನು ಮಾತ್ರೆಯಾಗಿ ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ಆಗಿ, ಸಹಜವಾಗಿ ನಿಲ್ಲುವ ಪ್ರಾಯದವರೆಗೆ ಕೊಡುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ ಕೊಡುವುದಿಲ್ಲ. ಉಳಿದವರು ವೈದ್ಯರು ಹೇಳಿದ ಹಾಗೆ ತೆಗೆದುಕೊಂಡರೆ ಹೆದರಬೇಕಾಗಿಲ್ಲ. ಜತೆಗೆ ರಾಗಿ, ಮೀನು, ಸೊಪ್ಪು ತಿನ್ನಿ. ಸಂಘಕ್ಕೆ ಹಾಕಿ ಉಳಿದ ಹಾಲಿನಲ್ಲಿ ಒಂದು ಲೋಟ ಗಂಡನಿಗೆ, ಒಂದು ಲೋಟ ಮಕ್ಕಳಿಗೆ ಕೊಟ್ಟು ನಾವು ಚಾ ಕುಡಿಯುವುದು ರೂಢಿ. ಆ ರೂಢಿ ಬಿಡುವ. ಹಾಲು ಕರೆಯುವವಳ ಎಲುಬಿಗೆ ಹಾಲಿಲ್ಲ ಎಂದರೆ ಸಹಕಾರಕ್ಕೇ ಅರ್ಥ ಇಲ್ಲ.

ಮಕ್ಕಳಾಗದೆ ಮೂವತ್ತು ದಾಟಿದವರು, ತಡವಾಗಿ ಮದುವೆಯಾದವರು ಮುಟ್ಟು ತಪ್ಪಿದರೆ ಇನ್ನೂ ಬೇಗ ತೋರಿಸಬೇಕು. ಇಲ್ಲಿ ಒಂದು ವರ್ಷ ಕಳೆದರೆ ಹಿಂದೆ ಸಿಗುವುದಿಲ್ಲ. ಹರಕೆ ಹೇಳಬೇಡಿ ಎಂದು ನಾವು ಹೇಳುವುದಿಲ್ಲ. ಹರಕೆಯ ಜತೆಗೆ ರಕ್ತಪರೀಕ್ಷೆಯೂ ಆಗಲಿ. ಗಂಡನದ್ದೂ ಪರೀಕ್ಷೆ ಆಗಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಲೆಕ್ಕ ತಪ್ಪಿದಾಗ ಕೆಲವರಿಗೆ ಮುಟ್ಟು ನಿಲ್ಲುವ ಬದಲು ವಿಪರೀತ ಹೋಗುತ್ತದೆ. ಆಗ "ಗರ್ಭಕೋಶ ತೆಗೆಸಿಬಿಡು, ಹೇಗೂ ಎರಡು ಮಕ್ಕಳಾಗಿದೆ" ಎಂಬ ಸಲಹೆ ಅಕ್ಕಪಕ್ಕದಿಂದಲೇ ಬರುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಲೆಕ್ಕ ಕೇಳಿದಾಗ ಅವರಲ್ಲಿ ಅರ್ಧದಷ್ಟು ಜನರಿಗೆ ಸುಮಾರು 34 ವರ್ಷದೊಳಗೇ ಅದು ಆಗಿತ್ತು. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಲಂಬಾಣಿ, ದಲಿತ ಹೆಂಗಸರಿಗೆ ಹೊಟ್ಟೆನೋವು ಎಂದು ಹೋದದ್ದಕ್ಕೆ ಬೇಡದ ಆಪರೇಶನ್ ಮಾಡಿದ್ದು 2015ರ ಸುಮಾರಿಗೆ ಬೆಳಕಿಗೆ ಬಂತು. ಅವರಲ್ಲಿ ತುಂಬ ಜನ ನಲವತ್ತರ ಒಳಗಿನವರು. ಅವರು ಬೀದಿಗಿಳಿದು ನ್ಯಾಯ ಕೇಳಿದರು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರಕಾರ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು.

ಗರ್ಭಕೋಶದ ಜತೆ ಅಂಡಾಶಯವನ್ನೂ ತೆಗೆದರೆ ಮರುದಿನದಿಂದಲೇ ಮುಟ್ಟು ನಿಂತವರ ತೊಂದರೆಗಳೆಲ್ಲ ಶುರು. ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮೊದಲೇ ಸೋಲಬಹುದು. ಅತಿಸ್ರಾವಕ್ಕೆ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇದೆ. ಮೊದಲು ಅವುಗಳನ್ನು ಕೇಳಿ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆ ಇದ್ದು ಬೇರೆ ದಾರಿ ಇಲ್ಲದಿದ್ದರೆ ತೆಗೆಸಲೇಬೇಕು, ಅದಕ್ಕೆ ಹಿಂಜರಿಯಬಾರದು. ಉಳಿದಂತೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ. ಸಹಕಾರಿ ಸದಸ್ಯರಿಗೆಂದೇ 2003ರಲ್ಲಿ ಯಶಸ್ವಿನಿ ಯೋಜನೆ ಬಂತು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಪ್ರಕಟವಾಯಿತು. ಅದು ನಮ್ಮಂಥವರಿಗೆ ದೊಡ್ಡ ಆಧಾರ. ಆದರೆ ಕೈಯಲ್ಲಿ ಕಾರ್ಡು ಇದೆ ಎಂಬುದೇ ಹೊಟ್ಟೆ ಕೊಯ್ಸಿಕೊಳ್ಳಲಿಕ್ಕೆ ಕಾರಣ ಆಗಬಾರದು.

ಹಾಗಾದರೆ ಎಂತ ಮಾಡುವುದು? ಒಂದು, ತಾರೀಕು ಬರೆದಿಡಿ. ನಾಚಿಕೆಯಾದರೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಸಾಕು. ಎರಡು, ಮೂರು ತಿಂಗಳು ಆಗದಿದ್ದರೆ, ಅಥವಾ ವಾರಕ್ಕಿಂತ ಹೆಚ್ಚು ದಿನ ವಿಪರೀತ ಹೋದರೆ, ಅಥವಾ ಒಂದು ವರ್ಷ ನಿಂತದ್ದು ಮತ್ತೆ ಒಂದು ತೊಟ್ಟು ಕಂಡರೂ ವೈದ್ಯರಿಗೆ ತೋರಿಸಿ. ಈ ಕೊನೆಯದು ಕ್ಯಾನ್ಸರಿನ ಸೂಚನೆ ಇರಬಹುದು. ಗರ್ಭದ ಮೂತ್ರಪರೀಕ್ಷೆಯ ಕಿಟ್ ನಮ್ಮ ಹತ್ತಿರವೇ ಇರುತ್ತದೆ. ಸುಳ್ಯದಲ್ಲಿ ತಾಲೂಕು ಆಸ್ಪತ್ರೆ ಉಂಟು, ಕುರುಂಜಿಬಾಗಿನ ಮೆಡಿಕಲ್ ಕಾಲೇಜು ಉಂಟು. ಮೂರು, ರಕ್ತ ಪರೀಕ್ಷೆ ಮಾಡಿಸಿ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ, ವಿಪರೀತ ಹೋಗುವವರಿಗೆ ಅದು ಇನ್ನೂ ಹೆಚ್ಚು.

ಗಂಡಸರಲ್ಲಿ ಮತ್ತು ಅತ್ತೆಯಂದಿರಲ್ಲಿ ಒಂದು ಮಾತು. ನಮ್ಮ ತುಳುನಾಡಿನಲ್ಲಿ ಮಕರ ತಿಂಗಳ ಕೊನೆಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದಳು ಎಂದು ಮೂರು ದಿನ ಹಾರೆ ಪಿಕ್ಕಾಸು ಕೆಳಗಿಡುತ್ತೇವೆ. ಕೊನೆಗೆ ಅವಳಿಗೆ ಎಣ್ಣೆ, ಅರಸಿನ ಇಟ್ಟು ಗೌರವಿಸುತ್ತೇವೆ. ಭೂಮಿಯ ಮುಟ್ಟನ್ನು ಊರಿಡೀ ಹೇಳಿಕೊಂಡು ಆಚರಿಸುವ ನಮಗೆ ಮನೆಯೊಳಗಿನವಳ ಹತ್ತಿರ "ನಿನಗೆ ಹೇಗುಂಟು?" ಎಂದು ಕೇಳಲಿಕ್ಕೆ ಬಾಯಿ ಬರಬೇಕು. ಅವಳು ಆಸ್ಪತ್ರೆಗೆ ಹೊರಟ ದಿನ ಒಂದು ಹೊತ್ತಿನ ಹಾಲು ಕರೆದು ಸಂಘಕ್ಕೆ ಹಾಕಿದರೆ ಅದೇ ದೊಡ್ಡ ಉಪಕಾರ.

ಸಂಘದವರಲ್ಲಿ ಕೊನೆಯ ವಿನಂತಿ. ಪ್ರತಿ ವರ್ಷ ಮಹಾಸಭೆಯ ದಿನ ಒಬ್ಬ ಮಹಿಳಾ ವೈದ್ಯರನ್ನು ಕರೆಸಿ, ಹೆಂಗಸರ ರಕ್ತಪರೀಕ್ಷೆಗೆ ಏರ್ಪಾಡು ಮಾಡಿ. ದನಗಳಿಗೆ ಬರಡು ರಾಸು ಚಿಕಿತ್ಸಾ ಶಿಬಿರ ಮಾಡುವವರಿಗೆ ಇದು ಕಷ್ಟದ್ದಲ್ಲ. ಹೆಸರು ಬರೆಯುವುದು, ಜನ ಸೇರಿಸುವುದು ನಮಗೆ ಬಿಡಿ.

ಇಷ್ಟು ಹೊತ್ತು ಸಂಕೋಚ ಬಿಟ್ಟು ಕೇಳಿದ್ದೀರಿ. ಸಂಘ ಇನ್ನೂ ಬೆಳೆಯಲಿ, ಅದಕ್ಕೆ ಹಾಲು ಹಾಕುವ ಕೈಗಳು ಗಟ್ಟಿಯಾಗಿರಲಿ ಎಂದು ಹಾರೈಸುತ್ತೇವೆ.